ಮೊದಲು ತಲೆ ಎಣಿಸೋದು ಕಲಿಯಿರಿ: ಪಿಯುಸಿ ಮುಗಿಸಿ ಸೇನೆಗೆ ಹೊರಟವರಿಗೆ

ಕೊಪ್ಪಳದ ಜಿಲ್ಲಾ ಕ್ರೀಡಾಂಗಣದಲ್ಲಿ ಬೆಳಗಿನ ಐದೂವರೆಗೆ ಹುಡುಗರು ಓಡುತ್ತಿರುತ್ತಾರೆ. ಸ್ಟಾಪ್‌ವಾಚ್ ಹಿಡಿದು ನಾನೂ ಅಲ್ಲಿ ನಿಂತಿರುತ್ತೇನೆ. ಇಪ್ಪತ್ನಾಲ್ಕು ವರ್ಷ ಇನ್‌ಫೆಂಟ್ರಿಯಲ್ಲಿದ್ದು ಹವಾಲ್ದಾರ್ ಆಗಿ ಊರಿಗೆ ಬಂದವನು ನಾನು. ಮನೆಯಲ್ಲಿ ಸುಮ್ನೆ ಕೂರೋಕೆ ಆಗಲ್ಲ, ಅದಕ್ಕೆ ಬರುತ್ತೇನೆ.

ಒಂದು ದಿನ ಯಲಬುರ್ಗಾ ಕಡೆಯ ಹುಡುಗನೊಬ್ಬ ಕೇಳಿದ: "ಕಾಕಾ, ಮಿಲ್ಟ್ರಿಗೆ ಹೋದ್ರ ಲೀಡರ್‌ಶಿಪ್ ಬರ್ತದಂತ. ಆರ್ಡರ್ ಮಾಡೂದು ಯಾವಾಗ ಕಲಸ್ತಾರ?"

"ಮೊದ್ಲ ತಲಿ ಎಣಸೂದು ಕಲಸ್ತಾರ ತಮ್ಮಾ," ಅಂದೆ.

ಅವನು ನಕ್ಕ. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ. ಅಗ್ನಿವೀರನಾಗಿ, ಅಂದರೆ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಸಿಪಾಯಿಯಾಗಿ ಸೇರಿದರೆ, ಆ ನಾಲ್ಕು ವರ್ಷವೂ 'ಅಗ್ನಿವೀರ' ಅನ್ನೋದೇ ನಿಮ್ಮ ರ‍್ಯಾಂಕ್. ತೋಳಿಗೆ ನಾಯಕ್, ಹವಾಲ್ದಾರ್ ಪಟ್ಟಿ ಬರೋದಿಲ್ಲ. ಹಾಗಿರುವಾಗ ನಾಯಕತ್ವ ಎಲ್ಲಿಂದ ಬರಬೇಕು? ಸಣ್ಣ ಸಣ್ಣ ಜವಾಬ್ದಾರಿಯಿಂದ. ಅದನ್ನು ಹುಡುಕಿಕೊಂಡು ಹೋದವನು ನಾಲ್ಕು ವರ್ಷದಲ್ಲಿ ಬದಲಾಗುತ್ತಾನೆ. ಹೋಗದವನು ಬರೀ ಸಂಬಳ ಎಣಿಸಿಕೊಂಡು ವಾಪಸ್ ಬರುತ್ತಾನೆ. ಹುಡುಕೋದು ಹೇಗೆ ಅಂತ ನನಗೆ ಗೊತ್ತಿದ್ದಷ್ಟು ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾವ ಬಾಗಿಲು ನಿಮ್ಮದು?

ಎಸ್ಸೆಸ್ಸೆಲ್ಸಿ ಪಾಸಾದ ಕೂಡಲೇ ಸೇನೆಗೆ ಹೋಗೋಕೆ ಆಗಲ್ಲ. ಅಗ್ನಿವೀರನಾಗಲು ಹದಿನೇಳೂವರೆ ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಅಂದರೆ ಪಿಯುಸಿಯ ಎರಡು ವರ್ಷ ನಿಮಗೆ ತಯಾರಿಗೆ ಸಿಕ್ಕ ಹಾಗೆ.

ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸಿಪಾಯಿ ಕೆಲಸಕ್ಕೆ, ಹತ್ತನೇ ತರಗತಿಯಲ್ಲಿ ಒಟ್ಟು 45% ಅಂಕ ಬೇಕು, ಪ್ರತಿ ವಿಷಯದಲ್ಲೂ 33% ಇರಬೇಕು. ಕ್ಲರ್ಕ್ ಹುದ್ದೆಗೆ ಪಿಯುಸಿಯಲ್ಲಿ ಒಟ್ಟು 60%, ಪ್ರತಿ ವಿಷಯದಲ್ಲಿ 50%. ಟೆಕ್ನಿಕಲ್‌ಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಇಲ್ಲವೇ ಹತ್ತನೇ ತರಗತಿಯ ಮೇಲೆ ಐಟಿಐ ಅಥವಾ ಡಿಪ್ಲೊಮಾ ಮಾಡಿರಬೇಕು. ವಾಯುಪಡೆಗೂ ನೌಕಾಪಡೆಗೂ ಅಗ್ನಿವೀರರನ್ನು ತೆಗೆದುಕೊಳ್ಳುತ್ತಾರೆ. ವಾಯುಪಡೆಯವರ ತರಬೇತಿ ನಮ್ಮ ಬೆಳಗಾವಿಯ ಸಾಂಬ್ರಾದಲ್ಲೇ ನಡೆಯುತ್ತದೆ. ನೌಕಾಪಡೆಯವರದು ಒಡಿಶಾದ ಚಿಲ್ಕಾದಲ್ಲಿ.

ಇನ್ನೊಂದು ಬಾಗಿಲು ಎನ್‌ಡಿಎ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ನೇರವಾಗಿ ಅಧಿಕಾರಿ ಆಗುವ ದಾರಿ ಇದು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ಒಳಗಿರಬೇಕು. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600, ಆಮೇಲಿನ ಸಂದರ್ಶನಕ್ಕೆ 900. ಭೂಸೇನೆಯ ವಿಭಾಗಕ್ಕೆ ಯಾವ ಕಾಂಬಿನೇಷನ್ ಓದಿದವರೂ ಅರ್ಜಿ ಹಾಕಬಹುದು, ಆದರೆ ಗಣಿತದ ಪತ್ರಿಕೆ ಯಾರಿಗೂ ತಪ್ಪಲ್ಲ.

2022ರಿಂದ ಹುಡುಗಿಯರೂ ಎನ್‌ಡಿಎಯಲ್ಲಿದ್ದಾರೆ. ಅವರ ಮೊದಲ ತಂಡ 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂತು. ಅಗ್ನಿವೀರರಾಗಿ ಸೇರುವ ಹುಡುಗಿಯರಿಗೆ ಮಿಲಿಟರಿ ಪೊಲೀಸ್ ಇದೆ, ತರಬೇತಿ ಬೆಂಗಳೂರಲ್ಲೇ. "ಹೆಣ್ಣ್ ಹುಡುಗಿ, ಅಷ್ಟು ದೂರ ಹೆಂಗ ಕಳಸೂದ್ರೀ" ಅನ್ನೋ ಅಪ್ಪ ಅವ್ವಂದಿರಿಗೆ ಇದನ್ನು ತೋರಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಗಣಿತ ಚೆನ್ನಾಗಿರುವವರು ಎರಡು ಸಲವಾದರೂ ಎನ್‌ಡಿಎ ಬರೆಯಬೇಕು. ನಮ್ಮ ಕಡೆ ಬರೆಯೋರೇ ಕಮ್ಮಿ. ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತೆ ಅನ್ನೋ ಹೆದರಿಕೆ. ಅಗ್ನಿವೀರ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು, ಅದು ಒಳ್ಳೇದಾಯಿತು. ಆದರೆ ಅದೊಂದೇ ಕಾರಣಕ್ಕೆ ಎನ್‌ಡಿಎ ಬಿಡಬೇಡಿ.

ಎರಡನೇ ಹೆಜ್ಜೆ: ಕಾಗದ ಸರಿ ಮಾಡಿಕೊಳ್ಳಿ

ಓಟದಲ್ಲಿ ಗೆದ್ದು ಕಾಗದದಲ್ಲಿ ಸೋತವರನ್ನು ನಾನು ನೋಡಿದ್ದೇನೆ. ಮಾರ್ಕ್ಸ್ ಕಾರ್ಡಿನಲ್ಲಿ 'ಹನುಮಂತ', ಆಧಾರ್‌ನಲ್ಲಿ 'ಹನಮಂತಪ್ಪ'. ಅಪ್ಪನ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಶಿಯಲ್. ಹುಟ್ಟಿದ ದಿನಾಂಕ ಎರಡು ಥರ. ನಮ್ಮ ಊರುಗಳಲ್ಲಿ ಇದು ಮನೆಮನೆ ಕಥೆ, ಅಲ್ವಾ? ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೇ ಆಧಾರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಫಸ್ಟ್ ಪಿಯುಸಿಯಲ್ಲೇ ಈ ಕೆಲಸ ಮುಗಿಯಲಿ.

ಜಾತಿ ಮತ್ತು ವಾಸಸ್ಥಳ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಿ. ನಮ್ಮ ಕಲ್ಯಾಣ ಕರ್ನಾಟಕದ 371ಜೆ ಪತ್ರ ರಾಜ್ಯದ ನೌಕರಿಗೆ ಮತ್ತು ಸೀಟಿಗೆ ಉಪಯೋಗ. ಸೇನೆಯಲ್ಲಿ ಅದು ನಡೆಯಲ್ಲ.

ಕೊಪ್ಪಳ ಮತ್ತು ರಾಯಚೂರಿನವರು ಬೆಳಗಾವಿಯ ಸೇನಾ ನೇಮಕಾತಿ ಕಚೇರಿಗೆ ಸೇರುತ್ತಾರೆ, ಬಳ್ಳಾರಿಯವರು ಬೆಂಗಳೂರಿಗೆ. ರ‍್ಯಾಲಿ (ಓಟ, ಮೆಡಿಕಲ್ ಎಲ್ಲ ನಡೆಯೋ ನೇಮಕಾತಿ ಮೇಳ) ಎಲ್ಲಿ ಅನ್ನೋದು ಪ್ರವೇಶಪತ್ರದಲ್ಲಿ ಬರುತ್ತದೆ. ಅರ್ಜಿ ಹಾಕುವುದು 'ಜಾಯಿನ್ ಇಂಡಿಯನ್ ಆರ್ಮಿ' ವೆಬ್‌ಸೈಟಿನಲ್ಲಿ ಮಾತ್ರ.

"ಒಳಗೆ ಜನ ಇದ್ದಾರೆ, ಎರಡು ಲಕ್ಷ ಕೊಡಿ" ಅನ್ನೋರು ಪ್ರತಿ ತಾಲೂಕಿನಲ್ಲೂ ಸಿಗುತ್ತಾರೆ. ನನ್ನ ಅಣ್ಣನ ಮಗನೇ ಒಂದು ಕೋಚಿಂಗ್ ಕೇಂದ್ರಕ್ಕೆ ಸೇರಿ, ಅವರು ಕೇಳಿದರು ಅಂತ ಮೂಲ ಮಾರ್ಕ್ಸ್ ಕಾರ್ಡ್ ಕೊಟ್ಟುಬಿಟ್ಟಿದ್ದ. ಬಿಡಿಸಿಕೊಂಡು ಬರೋಕೆ ನಾನು ನಾಲ್ಕು ಸಲ ಓಡಾಡಿದೆ. ಮೂಲ ದಾಖಲೆ ಯಾರ ಕೈಗೂ ಕೊಡಬೇಡಿ.

ಮೂರನೇ ಹೆಜ್ಜೆ: ಓಟ

ಈಗ ಮೊದಲು ಆನ್‌ಲೈನ್ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ರ‍್ಯಾಲಿ. ಜನರಲ್ ಡ್ಯೂಟಿಗೆ ಒಂದು ಗಂಟೆ, 50 ಪ್ರಶ್ನೆ, 100 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ.

ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್‌ಅಪ್‌ಗೆ 40. ಒಂಬತ್ತು ಅಡಿ ಹಳ್ಳ ಜಿಗಿಯೋದು, ಅಂಕುಡೊಂಕು ಹಲಗೆ ಮೇಲೆ ನಡೆಯೋದು ಪಾಸಾದರೆ ಸಾಕು. ನಾನ್ನೂರು ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಅಂದುಕೊಳ್ಳಿ, ಒಂದು ಸುತ್ತಿಗೆ 82 ಸೆಕೆಂಡ್. ನಮ್ಮ ಹುಡುಗರು ಮೊದಲ ಸುತ್ತನ್ನು 70ಕ್ಕೆ ಓಡಿ, ಮೂರನೇ ಸುತ್ತಿನಲ್ಲಿ ಸೊಂಟ ಹಿಡಿದು ನಿಲ್ಲುತ್ತಾರೆ. ಹೊತ್ತು ನೋಡಿಕೊಂಡು ಓಡಿ.

ಟ್ರ್ಯಾಕ್ ದೂರ ಇದ್ದರೆ ತುಂಗಭದ್ರಾ ಎಡದಂಡೆ ಕಾಲುವೆಯ ದಾರಿ ಇದೆ. ಎರೆಹೊಲದಲ್ಲಿ ಓಡಬೇಡಿ, ಬೇಸಿಗೆಯ ಬಿರುಕಿನಲ್ಲಿ ಕಾಲು ಸಿಕ್ಕಿದರೆ ಪಾದ ಉಳುಕೋದು ಗ್ಯಾರಂಟಿ. ರಾಯಚೂರಿನ ಬಿಸಿಲು ಗೊತ್ತಲ್ಲ, ಏಪ್ರಿಲ್‌ನಲ್ಲಿ ಏಳು ಗಂಟೆಯೊಳಗೆ ಮನೆ ಸೇರಿಬಿಡಿ. ಗುಟ್ಕಾ ಬಿಡಿ. ಕಿವಿಯ ಮೇಣವನ್ನು ಡಾಕ್ಟರ್ ಹತ್ತಿರ ತೆಗೆಸಿ. ಇಷ್ಟಕ್ಕೇ ಮೆಡಿಕಲ್‌ನಲ್ಲಿ ಅಲೆದಾಡಿದವರಿದ್ದಾರೆ.

ನಾಲ್ಕನೇ ಹೆಜ್ಜೆ: ಊರಲ್ಲೇ ಶುರು ಮಾಡಿ

ನಾಯಕತ್ವ ಕಲಿಯೋಕೆ ಸಮವಸ್ತ್ರ ಬರಲಿ ಅಂತ ಕಾಯಬೇಡಿ. ನಿಮ್ಮ ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿ. ಪ್ರಮಾಣಪತ್ರಕ್ಕೆ ನೇಮಕಾತಿಯಲ್ಲಿ ಹೆಚ್ಚುವರಿ ಅಂಕವಿದೆ. ಆದರೆ ಶಿಬಿರದಲ್ಲಿ ಗೊತ್ತಿಲ್ಲದ ಹತ್ತು ಜನರ ಜೊತೆ ಒಂದೇ ಟೆಂಟಿನಲ್ಲಿ ಹತ್ತು ದಿನ ಕಳೆಯೋದು ಅದಕ್ಕಿಂತ ಜಾಸ್ತಿ ಬೆಲೆಯದು.

ಎನ್‌ಸಿಸಿ ಇಲ್ಲದಿದ್ದರೆ? ಜಾತ್ರೆ ಇದೆಯಲ್ಲ. ಗವಿಮಠದ ಜಾತ್ರೆಯ ದಾಸೋಹದಲ್ಲಿ ಒಂದು ಸಾಲು ಬಡಿಸೋ ಜವಾಬ್ದಾರಿ ತೆಗೆದುಕೊಳ್ಳಿ. ಲಕ್ಷಗಟ್ಟಲೆ ಜನ ಉಣ್ಣುವ ಜಾಗ ಅದು. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತವೆ. ನಿಮ್ಮ ಸಾಲಿಗೆ ಸಾರು ಖಾಲಿಯಾಗುವ ಮೊದಲೇ ಬಕೆಟ್ ತರಿಸಬೇಕು. ಜೊತೆಗಿರುವ ಐದು ಹುಡುಗರಲ್ಲಿ ಒಬ್ಬ ಮೊಬೈಲ್ ನೋಡುತ್ತಾ ನಿಂತಿರುತ್ತಾನೆ, ಅವನನ್ನು ಬೈಯದೆ ಕೆಲಸಕ್ಕೆ ಹಚ್ಚಬೇಕು. ಬಡಿಸಿದವನು ಎಲ್ಲರೂ ಎದ್ದ ಮೇಲೆ ಉಣ್ಣುತ್ತಾನೆ. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ 1932ರಲ್ಲಿ ಶುರುವಾದಾಗ ಹೇಳಿದ ಮಾತನ್ನು ಅಲ್ಲಿನ ಸಭಾಂಗಣದಲ್ಲಿ ಇವತ್ತಿಗೂ ಓದಬಹುದು: ದೇಶ ಮೊದಲು, ನಿನ್ನ ಕೈಕೆಳಗಿನವರ ಕ್ಷೇಮ ಆಮೇಲೆ, ನಿನ್ನ ಸುಖ ಕೊನೆಗೆ. ನಮ್ಮ ದಾಸೋಹದ ಹುಡುಗರಿಗೆ ಇದನ್ನು ಬೇರೆ ಹೇಳಿಕೊಡೋ ಅವಶ್ಯಕತೆ ಇಲ್ಲ.

ಕ್ರೀಡಾಂಗಣದಲ್ಲಿ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ವಾರಕ್ಕೊಬ್ಬ ಹುಡುಗನಿಗೆ ಗುಂಪು ಒಪ್ಪಿಸುತ್ತೇನೆ. ಎಷ್ಟು ಜನ ಬಂದರು, ಬರದವನು ಯಾಕೆ ಬರಲಿಲ್ಲ, ಯಾರ ಶೂ ಹರಿದಿದೆ, ಎಲ್ಲ ಅವನೇ ಹೇಳಬೇಕು. ಯಲಬುರ್ಗಾ ಹುಡುಗನ ಸರದಿ ಬಂದಾಗ ಮೊದಲ ಎರಡು ದಿನ "ಹದಿಮೂರು ಮಂದಿ ಕಾಕಾ" ಅಂದು ಸುಮ್ಮನಾದ. ಮೂರನೇ ದಿನ ಬಂದವನೇ, "ಹದಿನಾಲ್ಕರಾಗ ಹದಿಮೂರು. ಕುಕನೂರು ಹುಡುಗಗ ಜ್ವರ, ಫೋನ್ ಮಾಡಿ ಕೇಳೀನಿ" ಅಂದ. ಅವತ್ತು ನಾನು ಅವನ ಟೈಮಿಂಗ್ ನೋಡೋದೇ ಮರೆತೆ.

ಎನ್‌ಡಿಎ ಬರೆದವರಿಗೆ ಇಲ್ಲೊಂದು ಮಾತು

ಲಿಖಿತ ಪರೀಕ್ಷೆ ಪಾಸಾದರೆ ಮೇಲೆ ಹೇಳಿದ 900 ಅಂಕದ ಸಂದರ್ಶನ, ಅಂದರೆ ಸೇನೆಯ ಆಯ್ಕೆ ಮಂಡಳಿಯ ಐದು ದಿನದ ಎಸ್‌ಎಸ್‌ಬಿ. ಮೊದಲ ದಿನವೇ ಅರ್ಧಕ್ಕಿಂತ ಜಾಸ್ತಿ ಜನ ಗಂಟುಮೂಟೆ ಕಟ್ಟಬೇಕಾಗಬಹುದು. ಉಳಿದವರಿಗೆ ಚಿತ್ರ ನೋಡಿ ಕಥೆ ಬರೆಯೋದು, ತಲಾ 15 ಸೆಕೆಂಡಿನಲ್ಲಿ 60 ಪದಗಳಿಗೆ ಒಂದೊಂದು ವಾಕ್ಯ ಬರೆಯೋದು, 30 ನಿಮಿಷದಲ್ಲಿ 60 ಸನ್ನಿವೇಶಗಳಿಗೆ ಉತ್ತರ ಕೊಡೋದು, ಇಂಥವು ಇರುತ್ತವೆ. ಆಮೇಲೆ ಮೈದಾನದ ಆಟ.

ಮೈದಾನದಲ್ಲಿ ಏನಾಗುತ್ತೆ ಅಂದರೆ, ಒಂದು ಗುಂಪಿಗೆ ಹಲಗೆ, ಮರದ ಬೊಡ್ಡೆ, ಹಗ್ಗ ಕೊಟ್ಟು, ನೆಲ ಮುಟ್ಟದೆ ಆಚೆ ದಾಟಿ ಅನ್ನುತ್ತಾರೆ. ಯಾರನ್ನೂ ಲೀಡರ್ ಅಂತ ಹೆಸರಿಸಲ್ಲ. ಹೊಸಬರು ಜೋರಾಗಿ ಕೂಗಿದವನೇ ಗೆಲ್ಲುತ್ತಾನೆ ಅಂದುಕೊಳ್ಳುತ್ತಾರೆ. ನನ್ನ ಪರಿಚಯದ ಗಂಗಾವತಿಯ ಹುಡುಗನೊಬ್ಬ ಮೊದಲ ಸಲ ಹೋದಾಗ ಹಲಗೆ ತನ್ನ ಕೈಯಲ್ಲೇ ಹಿಡಿದುಕೊಂಡು ಎಲ್ಲರಿಗೂ ಸೂಚನೆ ಕೊಟ್ಟ. ಆಯ್ಕೆ ಆಗಲಿಲ್ಲ. ಎರಡನೇ ಸಲ, ಹಿಂದೆ ನಿಂತಿದ್ದ ಕುಳ್ಳ ಹುಡುಗನ ಉಪಾಯ ಸರಿ ಅನ್ನಿಸಿ, "ಇವನು ಹೇಳೋದು ಆಗುತ್ತೆ, ಮಾಡೋಣ" ಅಂದು ತಾನೇ ಹಗ್ಗ ಕಟ್ಟೋಕೆ ಕೂತ. ಆ ಸಲ ಮಂಡಳಿಯವರು ಅವನನ್ನು ಆಯ್ಕೆಗೆ ಶಿಫಾರಸು ಮಾಡಿದರು. ಅದೊಂದೇ ಕಾರಣ ಅಂತ ನಾನು ಹೇಳಲ್ಲ, ಆದರೆ ಅವನು ಹಾಗೇ ನಂಬಿದ್ದಾನೆ.

ಐದನೇ ಹೆಜ್ಜೆ: ತರಬೇತಿಯ ತಿಂಗಳುಗಳು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ನಿಜವಾದ ಪಾಠ ಇರೋದು ಇಲ್ಲೇ.

ತರಬೇತಿ ಕೇಂದ್ರಕ್ಕೆ ಹೋದ ಮೊದಲ ವಾರ ಎಲ್ಲರಿಗೂ ಮನೆ ನೆನಪು. ಜೋಳದ ರೊಟ್ಟಿ ಇಲ್ಲ, ಶೇಂಗಾ ಚಟ್ನಿ ಇಲ್ಲ, ಲಂಗರಿನಲ್ಲಿ, ಅಂದರೆ ಸೇನೆಯ ಅಡುಗೆಮನೆಯಲ್ಲಿ, ದಾಲ್ ಚಪಾತಿ. ಮಾತೆಲ್ಲ ಹಿಂದಿ. ಹಿಂದಿ ಬರಲ್ಲ ಅಂತ ಮೂಲೆ ಸೇರಿದರೆ ಅಲ್ಲಿಗೆ ಮುಗಿಯಿತು. ಊರಲ್ಲಿರುವಾಗಲೇ ನೂರು ವಾಕ್ಯ ಬಾಯಿಗೆ ತಂದುಕೊಳ್ಳಿ. ತಪ್ಪು ಮಾತಾಡಿ, ನಗಲಿ ಬಿಡಿ.

ಅಲ್ಲಿ ಕಲಿಸುವವರನ್ನು ಉಸ್ತಾದ್ ಅನ್ನುತ್ತಾರೆ. ಉಸ್ತಾದ್ ದಿನಕ್ಕೊಬ್ಬನನ್ನೋ ವಾರಕ್ಕೊಬ್ಬನನ್ನೋ ಸ್ಕ್ವಾಡಿನ ಸೀನಿಯರ್ ಮಾಡುತ್ತಾರೆ. ಎಲ್ಲರೂ ತಪ್ಪಿಸಿಕೊಳ್ಳೋಕೆ ನೋಡುವ ಕೆಲಸ ಇದು, ಯಾಕೆಂದರೆ ಬೈಗುಳ ಮೊದಲು ಬೀಳೋದು ಸೀನಿಯರ್‌ಗೆ. ನೀವು ಮಾತ್ರ ಕೇಳಿ ತೆಗೆದುಕೊಳ್ಳಿ.

ನನ್ನ ಸರದಿ ಬಂದ ದಿನ ಹೇಳುತ್ತೇನೆ. ಚಳಿಗಾಲ, ಬೆಳಗಿನ ಪಿಟಿ. ನಾನು ಎಲ್ಲರನ್ನೂ ಎಬ್ಬಿಸಿ ಫಾಲ್ ಇನ್ ಮಾಡಿಸಿದೆ. ಕತ್ತಲಲ್ಲಿ ಸಾಲು ತುಂಬಿದ ಹಾಗೇ ಕಂಡಿತು. "ಉಸ್ತಾದ್, ಪೂರಾ ಹಾಜರ್!" ಅಂದೆ, ಎಣಿಸದೇ. ಉಸ್ತಾದ್ ಟಾರ್ಚ್ ಹಿಡಿದು ಒಬ್ಬೊಬ್ಬರ ಎದೆ ಮುಟ್ಟಿ ಎಣಿಸಿದರು. ಒಬ್ಬ ಕಮ್ಮಿ. ಹೋಗಿ ನೋಡಿದರೆ ನಮ್ಮ ಸಾಲಿನ ತೆಲುಗು ಹುಡುಗನೊಬ್ಬ ಬ್ಯಾರಕಿನಲ್ಲೇ ಕಂಬಳಿ ಹೊದ್ದು ನಡುಗುತ್ತಿದ್ದ. ಮೈ ಕಾದ ಹೆಂಚಿನ ಹಾಗಿತ್ತು. ರಾತ್ರಿಯಿಂದ ಜ್ವರ. ಅವನ ಮಂಚ ನನ್ನ ಮಂಚದಿಂದ ಮೂರನೆಯದು.

ಅವತ್ತು ಇಡೀ ಸ್ಕ್ವಾಡಿಗೆ ರಗಡಾ, ಅಂದರೆ ಮೈ ದಣಿಸೋ ಶಿಕ್ಷೆ. ನನ್ನ ತಪ್ಪಿಗೆ ಅವರೆಲ್ಲ ಮೊಣಕೈ ಮೇಲೆ ತೆವಳಿದರು. ಯಾರೂ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಉಸ್ತಾದ್ ಮಾತ್ರ ಸಂಜೆ ಕರೆದು ಕೇಳಿದರು, "ಇದೇ ನೈಟ್ ಮಾರ್ಚ್ ಆಗಿದ್ದರೆ?" ಅಷ್ಟೇ. ಆಮೇಲೆ ಹವಾಲ್ದಾರ್ ಆಗಿ ಹತ್ತು ಜನರ ಸೆಕ್ಷನ್ ನಡೆಸಿದಾಗಲೂ ನಾನು ಪ್ರತಿ ನಿಲುಗಡೆಯಲ್ಲಿ ಕೈ ಮುಟ್ಟಿಯೇ ಎಣಿಸುತ್ತಿದ್ದೆ.

ತರಬೇತಿಯಲ್ಲಿ ನೀವು ಇಷ್ಟು ಮಾಡಿ. ಮಲಗುವ ಮುಂಚೆ ಅಕ್ಕಪಕ್ಕದ ಮೂರು ಮಂಚದವರನ್ನು ಮಾತಾಡಿಸಿ. ನಿಮ್ಮ ಬಡ್ಡಿ, ಅಂದರೆ ಸೇನೆ ನಿಮಗೆ ಜೋಡಿ ಮಾಡಿಕೊಟ್ಟ ಸಂಗಾತಿ, ಅವನ ಊರು, ಮನೆ ಪರಿಸ್ಥಿತಿ, ಯಾವುದರಲ್ಲಿ ಹಿಂದೆ ಅನ್ನೋದು ತಿಳಿದುಕೊಳ್ಳಿ. ಅವನು ಹಗ್ಗ ಹತ್ತೋದರಲ್ಲಿ ಹಿಂದಿದ್ದರೆ ಭಾನುವಾರ ಅವನ ಜೊತೆ ನೀವೂ ಹತ್ತಿ. ಇನ್ನೊಬ್ಬನಿಗೆ ಕಲಿಸೋಕೆ ಹೋದಾಗಲೇ ನಮಗೆ ಎಷ್ಟು ಗೊತ್ತಿಲ್ಲ ಅಂತ ತಿಳಿಯೋದು. ಒಂದು ಸಣ್ಣ ನೋಟ್‌ಬುಕ್ ಇಡಿ. ಉಸ್ತಾದ್ ಯಾವತ್ತು, ಯಾಕೆ ಬೈದರು ಅಂತ ಬರೆದುಕೊಳ್ಳಿ. ಒಳ್ಳೆಯ ಉಸ್ತಾದ್ ಯಾರು, ಬರೀ ಕೂಗಾಡುವವರು ಯಾರು ಅನ್ನೋದು ಆರು ತಿಂಗಳಾದ ಮೇಲೆ ಆ ಪುಟಗಳಲ್ಲೇ ಕಾಣುತ್ತದೆ. ಹೌದು, ಕೂಗಾಡುವವರೂ ಇರುತ್ತಾರೆ. ಸೇನೆಯಲ್ಲಿ ಇರೋರೆಲ್ಲ ಒಳ್ಳೆಯ ನಾಯಕರು ಅಂತ ನಾನು ಸುಳ್ಳು ಹೇಳಲ್ಲ.

ಆರನೇ ಹೆಜ್ಜೆ: ಯೂನಿಟ್‌ಗೆ ಹೋದ ಮೇಲೆ

ಪಟ್ಟಿ ಇಲ್ಲ ಅಂತ ಕೊರಗಬೇಡಿ, ಬೇಕಾದಷ್ಟು ಕೆಲಸ ಇರುತ್ತದೆ. ಕೋತ್‌ನಲ್ಲಿ (ಆಯುಧ ಇಡುವ ಕೋಣೆ) ಆಯುಧದ ಲೆಕ್ಕ, ಸ್ಟೋರ್‌ನಲ್ಲಿ ಸಾಮಾನಿನ ಲೆಕ್ಕ, ಮೆಸ್‌ನಲ್ಲಿ ರೇಷನ್, ಆಟದ ತಂಡ, ಹೊಸದಾಗಿ ಬಂದವರಿಗೆ ಜಾಗ ತೋರಿಸೋದು. ಕೈ ಎತ್ತಿ. ನಕ್ಷೆ ಓದೋದು, ರೇಡಿಯೋ ಸೆಟ್, ಪ್ರಥಮ ಚಿಕಿತ್ಸೆ, ಡ್ರೈವಿಂಗ್, ಯಾವ ಕೋರ್ಸಿಗೆ ಹೆಸರು ಕೇಳಿದರೂ ಕೊಡಿ. ನಾಲ್ಕು ವರ್ಷ ಮುಗಿದಾಗ 25% ವರೆಗಿನ ಅಗ್ನಿವೀರರನ್ನು ಕಾಯಂ ಮಾಡಿಕೊಳ್ಳುತ್ತಾರೆ. ಆಗ ಈ ನಾಲ್ಕು ವರ್ಷದ ನಿಮ್ಮ ಕೆಲಸವನ್ನೇ ನೋಡೋದು. ಕಾಯಂ ಆದವರಿಗೆ ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಹೀಗೆ ಮೆಟ್ಟಿಲು ತೆರೆಯುತ್ತದೆ.

ಓದು ಬಿಡಬೇಡಿ. ಸೇವೆಯ ತರಬೇತಿಗೂ ಅಂಕ ಸಿಗುವಂಥ ಪದವಿಯನ್ನು ಇಗ್ನೋ ಅಗ್ನಿವೀರರಿಗಾಗಿಯೇ ರೂಪಿಸಿದೆ. ರಾತ್ರಿ ಡ್ಯೂಟಿ ಮುಗಿಸಿ ಓದೋದು ಕಷ್ಟ, ನಿಜ. ಆದರೆ ನಾಲ್ಕು ವರ್ಷ ಕಳೆದು ಇಪ್ಪತ್ತೆರಡರ ವಯಸ್ಸಿಗೆ ಬರೀ ಪಿಯುಸಿ ಹಿಡಿದುಕೊಂಡು ಬರೋದು ಅದಕ್ಕಿಂತ ಕಷ್ಟ.

ಏಳನೇ ಹೆಜ್ಜೆ: ದುಡ್ಡು

ಅಗ್ನಿಪಥ ಯೋಜನೆ ಘೋಷಣೆಯಾದಾಗ ಹೇಳಿದ ಪ್ರಕಾರ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ 30% ನಿಧಿಗೆ ಹೋಗಿ ಕೈಗೆ 21,000 ಬರುತ್ತದೆ. ನಾಲ್ಕನೇ ವರ್ಷಕ್ಕೆ ಸಂಬಳ 40,000. ನೀವು ಹಾಕಿದಷ್ಟನ್ನೇ ಸರ್ಕಾರವೂ ಹಾಕಿ, ಕೊನೆಗೆ ಬಡ್ಡಿ ಬಿಟ್ಟು 10.04 ಲಕ್ಷ ಸೇವಾನಿಧಿ. ಪಿಂಚಣಿ ಇಲ್ಲ. ಆ ಹಣ ಬರುವ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿ. ಅಕ್ಕನ ಮದುವೆ, ಬೋರ್‌ವೆಲ್, ಬೈಕ್, ಎಲ್ಲರಿಗೂ ಅದರ ಮೇಲೆ ಕಣ್ಣಿರುತ್ತದೆ. ಮನೆಯವರ ಮುಂದೆ ಲೆಕ್ಕ ಬಿಡಿಸಿ "ಇಷ್ಟು ಮಾತ್ರ" ಅನ್ನೋಕೂ ಧೈರ್ಯ ಬೇಕು.

ಕೊನೆಗೆ: ವಾಪಸ್ ಬಂದಾಗ

ಮೊದಲ ಅಗ್ನಿವೀರರು 2022ರ ಕೊನೆ ಮತ್ತು 2023ರ ಆರಂಭದಲ್ಲಿ ಸೇರಿದವರು. ಅವರ ನಾಲ್ಕು ವರ್ಷ 2026ರ ಕೊನೆಯಿಂದ ಮುಗಿಯುತ್ತದೆ. ಕೇಂದ್ರದ ಅರೆಸೇನಾ ಪಡೆಗಳಲ್ಲಿ ಅವರಿಗೆ ಮೀಸಲಾತಿ ಕೊಡೋದಾಗಿ 2022ರಲ್ಲೇ ಹೇಳಿದ್ದಾರೆ. ತೋರಣಗಲ್ಲು ಕಡೆಯ ಕಾರ್ಖಾನೆಗಳು, ಶಕ್ತಿನಗರದ ವಿದ್ಯುತ್ ಕೇಂದ್ರ, ಹಟ್ಟಿಯ ಗಣಿ, ಜನರನ್ನು ಕೆಲಸಕ್ಕೆ ಹಚ್ಚುವವರು ಬೇಕಾದ ಜಾಗ ನಮ್ಮ ಸುತ್ತ ಕಮ್ಮಿ ಇಲ್ಲ.

ಅಲ್ಲಿಗೆ ಅರ್ಜಿ ಹಾಕುವಾಗ ನಾನು ಮಾಡಿದ ತಪ್ಪು ಮಾಡಬೇಡಿ. ನಿವೃತ್ತಿಯಾದ ಮೇಲೆ ಒಂದು ಕಾರ್ಖಾನೆಯ ಸೂಪರ್‌ವೈಸರ್ ಕೆಲಸಕ್ಕೆ ಹೋಗಿದ್ದೆ. ಅರ್ಜಿಯಲ್ಲಿ 'ಶಿಸ್ತು, ನಾಯಕತ್ವ, ದೇಶಸೇವೆ' ಅಂತ ಬರೆದಿದ್ದೆ. ಎದುರಿಗೆ ಕೂತಿದ್ದ ಚಿಕ್ಕ ವಯಸ್ಸಿನ ಮ್ಯಾನೇಜರ್ ಓದಿ, "ಸರ್, ಎಷ್ಟು ಜನ ಇದ್ರು ನಿಮ್ಮ ಕೈಕೆಳಗೆ? ಏನು ಮಾಡಿಸ್ತಿದ್ರಿ?" ಅಂದ. ನನಗೆ ಉತ್ತರ ಗೊತ್ತಿತ್ತು, ಆದರೆ ಕಾಗದದಲ್ಲಿ ಇರಲಿಲ್ಲ. ಆ ಕೆಲಸ ಸಿಗಲಿಲ್ಲ.

ಮುಂದಿನ ಅರ್ಜಿಯಲ್ಲಿ ಹೀಗೆ ಬರೆದೆ: 'ಹತ್ತು ಜನರ ಸೆಕ್ಷನ್ ಆರು ವರ್ಷ ನಡೆಸಿದ್ದೇನೆ. ಅವರ ರಜೆ, ಡ್ಯೂಟಿ ಸರದಿ, ಆಯುಧ ಮತ್ತು ಸಾಮಾನಿನ ಲೆಕ್ಕ ನನ್ನದು. ಆರು ವರ್ಷದಲ್ಲಿ ಒಂದು ಸಾಮಾನೂ ಕಳೆದಿಲ್ಲ.' ಸೋಮವಾರದಿಂದ ಬನ್ನಿ ಅಂದರು.